1918ರ ರೂಪಾಯಿಗೆ ಗ್ರೇಡ್ ನೋಡಿ ದುಡ್ಡು ಸುರಿಯಬೇಡಿ
ಐದನೇ ಜಾರ್ಜ್‌ನ 1918ರ ಬೆಳ್ಳಿ ರೂಪಾಯಿ ಕೋಟಿಗಟ್ಟಲೆ ಅಚ್ಚಾಗಿದೆ. ದಾವಣಗೆರೆಯ ಬೆಳ್ಳಿ ಅಂಗಡಿಗೆ ಕೊಟ್ಟರೆ ಅದರ 11.66 ಗ್ರಾಂ ತೂಕಕ್ಕಷ್ಟೇ ಬೆಲೆ. ಅದೇ ನಾಣ್ಯ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದು, ಮೇಲೆ ಎಂಎಸ್ 66 (ಬಳಕೆಯಾಗದ ನಾಣ್ಯಕ್ಕೆ 60ರಿಂದ 70ರವರೆಗೆ ಕೊಡುವ ಗುಣಮಟ್ಟದ ಅಂಕ, ಅಂದರೆ ಗ್ರೇಡ್) ಅಂತ ಚೀಟಿ ಇದ್ದರೆ ಎಷ್ಟೋ ಪಟ್ಟು ಜಾಸ್ತಿ ಕೇಳುತ್ತಾರೆ. 64ಕ್ಕೂ 66ಕ್ಕೂ ಇರುವ ವ್ಯತ್ಯಾಸ ರಾಜನ ಕೆನ್ನೆ ಮೇಲಿನ ಒಂದೆರಡು ಸಣ್ಣ ಗೀರು, ಸ್ವಲ್ಪ ಹೊಳಪು. ಭೂತಗನ್ನಡಿ ಇಲ್ಲದೆ ಎಷ್ಟೋ ಸಲ ಕಾಣೋದೇ ಇಲ್ಲ. ಇವತ್ತು ಆ ಗ್ರೇಡಿನವು ಕಡಿಮೆ ಇರಬಹುದು, ಆದರೆ ಬೆಲೆ ಏರಿದ ಕೂಡಲೇ ಜನ ಮನೆಯಲ್ಲಿರುವ ಒಳ್ಳೆಯ ನಾಣ್ಯಗಳನ್ನೆಲ್ಲ ಗ್ರೇಡಿಂಗಿಗೆ ಕಳಿಸುತ್ತಾರೆ, ಸಂಖ್ಯೆ ಏರುತ್ತಲೇ ಹೋಗುತ್ತೆ ಅಲ್ವಾ? ನಾಣ್ಯಗಳಿಗೆ ಗ್ರೇಡ್ ಕೊಡುವ ಕಂಪನಿಗಳಾದ ಪಿಸಿಜಿಎಸ್, ಎನ್‌ಜಿಸಿ ಎರಡೂ ಈವರೆಗೆ ಎಷ್ಟು ನಾಣ್ಯಕ್ಕೆ ಆ ಗ್ರೇಡ್ ಕೊಟ್ಟಿವೆ ಅನ್ನೋ ಲೆಕ್ಕ ನೋಡಿದ ಮೇಲೆಯೇ ಖರೀದಿಸಿ. ನನ್ನ ಪ್ರಕಾರ ಇದಕ್ಕೆ 63 ಸಾಕು. ಉಳಿದ ದುಡ್ಡಲ್ಲಿ 1911ರದ್ದು ಹುಡುಕಿ, ರಾಜನ ಉಡುಪಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ ವಾಪಸ್ ಪಡೆದ ರೂಪಾಯಿ ಅದು.