ಉಚಿತ ಪ್ರವೇಶದ ದಿನ ಗೋಳಗುಮ್ಮಟ ನೋಡುವುದು ಹೇಗೆ?

ವಿಜಯಪುರದಲ್ಲಿರುವ ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಮಾಳಿಗೆ ಮೇಲೆ ಹಪ್ಪಳ ಒಣಹಾಕುವಾಗೆಲ್ಲ ಗೋಳಗುಮ್ಮಟ ಕಣ್ಣೆದುರಿಗೇ ಇರುತ್ತದೆ. ಆದರೆ ಒಳಗೆ ಕಾಲಿಟ್ಟಿರಲಿಲ್ಲ. ‘ದಿನಾ ಕಾಣತೈತಲ್ಲೋ ತಮ್ಮಾ, ಒಳಗ ಹೋಗಿ ಏನ್ ನೋಡೂದೈತಿ?’ ಎನ್ನುತ್ತಿದ್ದರು. ಒಂದು ಏಪ್ರಿಲ್ 18ರಂದು ಹಟ ಹಿಡಿದು ಕರೆದುಕೊಂಡು ಹೋದೆ. ತಲುಪಿದಾಗ ಹನ್ನೊಂದೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು, ಮೇಲಿನ ಗ್ಯಾಲರಿಯಲ್ಲಿ ನೂರಾರು ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು, ಅತ್ತೆ ಕಿವಿ ಮುಚ್ಚಿಕೊಂಡು ಹತ್ತೇ ನಿಮಿಷಕ್ಕೆ ಹೊರಬಂದರು. ತಪ್ಪು ನನ್ನದು. ಮುಂದಿನ ನವೆಂಬರ್‌ನಲ್ಲಿ ಅದೇ ಕಟ್ಟಡವನ್ನು ಸರಿಯಾಗಿ ನೋಡಿದೆವು. ಎರಡೂ ಭೇಟಿಗಳಿಂದ ಕಲಿತದ್ದು ಇಲ್ಲಿದೆ.

ಮೊದಲು ದಿನ ನೋಡಿಕೊಳ್ಳಿ

ಏಪ್ರಿಲ್ 18 ವಿಶ್ವ ಪರಂಪರೆ ದಿನ. 1983ರಲ್ಲಿ ಯುನೆಸ್ಕೊ ಇದಕ್ಕೆ ಒಪ್ಪಿಗೆ ಕೊಟ್ಟಿತು. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಏಪ್ರಿಲ್ 18 ಮತ್ತು ಸಪ್ತಾಹದ ಮೊದಲ ದಿನವಾದ ನವೆಂಬರ್ 19ರಂದು ತನ್ನ ಟಿಕೆಟ್ ಇರುವ ಸ್ಮಾರಕಗಳಿಗೆ ಪ್ರವೇಶ ಉಚಿತ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಾಮಾನ್ಯವಾಗಿ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಾರ್ಚ್ 8ರಂದು ಮಹಿಳೆಯರಿಗೂ ಉಚಿತ. ಸಪ್ತಾಹವೆಂದರೆ ಏಳೂ ದಿನ ಟಿಕೆಟ್ ಇಲ್ಲ ಎಂದುಕೊಂಡು ಹೊರಡಬೇಡಿ. ಆಯಾ ವರ್ಷದ ಪ್ರಕಟಣೆಯನ್ನು ಎರಡು ದಿನ ಮೊದಲೇ ಇಲಾಖೆಯ ಜಾಲತಾಣದಲ್ಲೋ ಪತ್ರಿಕೆಯಲ್ಲೋ ನೋಡಿಕೊಳ್ಳಿ.

ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಸೋಮನಾಥಪುರ, ಶ್ರೀರಂಗಪಟ್ಟಣದ ದರಿಯಾ ದೌಲತ್, ಹಂಪಿಯ ವಿಜಯ ವಿಠ್ಠಲ ದೇವಾಲಯಕ್ಕೂ ಇದೇ ಲೆಕ್ಕ. ಮೈಸೂರು ಅರಮನೆ ಈ ಇಲಾಖೆಯದಲ್ಲ, ಅಲ್ಲಿಗೆ ಇದು ಅನ್ವಯಿಸದು.

ಹದಿನೈದು ವರ್ಷದೊಳಗಿನ ಮಕ್ಕಳಿಗೆ ಈ ಸ್ಮಾರಕಗಳಲ್ಲಿ ಎಂದೂ ಟಿಕೆಟ್ ಇಲ್ಲ. ವಿಜಯಪುರದಲ್ಲಿ ಟಿಕೆಟ್ ಇರುವುದು ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾಕ್ಕೆ. ಬಾರಾ ಕಮಾನು, ಜುಮ್ಮಾ ಮಸೀದಿ, ಜೋಡ ಗುಮ್ಮಟ, ಮಲಿಕ್-ಎ-ಮೈದಾನ್ ತೋಪನ್ನು ವರ್ಷವಿಡೀ ಪುಕ್ಕಟೆ ನೋಡಬಹುದು. ಹಾಗಾಗಿ ಉಚಿತ ದಿನವನ್ನು ಟಿಕೆಟ್ ಇರುವ ಎರಡಕ್ಕೇ ಮೀಸಲಿಡಿ, ಉಳಿದವನ್ನು ಇನ್ನೊಂದು ಭಾನುವಾರಕ್ಕೆ ಬಿಡಿ. ಒಂದೇ ದಿನ ಹತ್ತು ಕಟ್ಟಡ ಸುತ್ತಿದವರಿಗೆ ಮನೆಗೆ ಬಂದ ಮೇಲೆ ನೆನಪಿರುವುದು ಕಾಲುನೋವು ಮಾತ್ರ.

ಗೇಟು ತೆರೆಯುವ ಹೊತ್ತಿಗೇ ನಿಂತಿರಿ

ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಸಲಹೆ ಬೇರೆ ಇಲ್ಲ. ಉಚಿತ ದಿನ ಶಾಲೆಗಳ ಬಸ್ಸುಗಳು ಬರತೊಡಗಿದರೆ ಮೆಲ್ಲಗೆ ಆಡಿದ ಮಾತೂ ಎದುರು ಬದಿಗೆ ಕೇಳುವ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಸಂತೆಯಾಗುತ್ತದೆ. ಮೊದಲ ಅರ್ಧ ಗಂಟೆ ಸಿಕ್ಕರೆ ಸಾಕು. ಹೊರಗಿನಿಂದ ಬರುವವರು ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳುವುದು ಒಳ್ಳೆಯದು. ರೈಲು ನಿಲ್ದಾಣ ಗುಮ್ಮಟದ ಹತ್ತಿರವೇ ಇದೆ.

ನೀರಿನ ಬಾಟಲಿ, ಟೋಪಿ ಅಥವಾ ತಲೆಗೊಂದು ವಸ್ತ್ರ, ಒಂದು ಜೊತೆ ದಪ್ಪ ಸಾಕ್ಸ್ ಒಯ್ಯಿರಿ. ಸಾಕ್ಸ್ ಏಕೆಂದರೆ ಚಪ್ಪಲಿ ಬಿಡಬೇಕಾದ ಕಡೆ ಏಪ್ರಿಲ್‌ನ ಕಲ್ಲುಹಾಸು ಕಾದ ಹೆಂಚಿನಂತಿರುತ್ತದೆ. ಸಣ್ಣ ಬೈನಾಕ್ಯುಲರ್ ಇದ್ದರೆ ಅದೂ ಇರಲಿ. ಮೊಬೈಲ್‌ನಲ್ಲಿ ಫೋಟೊ ತೆಗೆಯಲು ಅಡ್ಡಿಯಿಲ್ಲ. ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಅನುಮತಿ ಬೇಕು.

ಹತ್ತುವ ಮುನ್ನ ನೆಲದಲ್ಲೇ ನಿಲ್ಲಿ

ಎಲ್ಲರೂ ಓಡುವುದು ಮೆಟ್ಟಿಲ ಕಡೆಗೆ. ನೀವು ಓಡಬೇಡಿ. ಮಧ್ಯದ ಕಟ್ಟೆಯ ಮೇಲೆ ಕಾಣುವ ಸಮಾಧಿಗಳು ಗುರುತಿಗಾಗಿ ಮಾಡಿದವು. 1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾ ಮತ್ತು ಅವನವರ ನಿಜವಾದ ಸಮಾಧಿಗಳಿರುವುದು ಕೆಳಗಿನ ನೆಲಮಾಳಿಗೆಯಲ್ಲಿ. ಕಟ್ಟೆಯ ಬಳಿ ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಯಾವುದಾದರೊಂದು ಮೂಲೆಯತ್ತ ತಿರುಗಿ ಕತ್ತೆತ್ತಿ.

ಈ ಕೋಣೆ ಚೌಕ, ಒಂದೊಂದು ಬದಿ ಸುಮಾರು 41 ಮೀಟರ್. ನಡುವೆ ಒಂದೇ ಒಂದು ಕಂಬವಿಲ್ಲ. ಮೇಲೆ ಕೂತಿರುವುದು ದುಂಡನೆಯ ಗುಮ್ಮಟ, ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಚೌಕದ ಮೇಲೆ ದುಂಡು ಕೂರುವುದು ಹೇಗೆ? ಒಂದು ಕಮಾನಿನ ಬುಡದಿಂದ ಬೆರಳು ತೋರಿಸುತ್ತ ಅದರ ಗೆರೆಯನ್ನು ಹಿಂಬಾಲಿಸಿ. ಅದು ಎದುರಿನ ಗೋಡೆಗೆ ಹೋಗುವುದಿಲ್ಲ. ಪಕ್ಕದ ಕಮಾನನ್ನು ಕತ್ತರಿಸಿಕೊಂಡು ಓರೆಯಾಗಿ ಹೊರಡುತ್ತದೆ. ಹೀಗೆ ಎಂಟು ಕಮಾನುಗಳು ಒಂದನ್ನೊಂದು ದಾಟುತ್ತವೆ. ರಂಗೋಲಿಯಲ್ಲಿ ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಹಾಕಿದರೆ ನಡುವೆ ಎಂಟು ಮೂಲೆಯ ಜಾಗ ಉಳಿಯುತ್ತದಲ್ಲ, ಅದೇ ಲೆಕ್ಕ. ಆ ಎಂಟು ಮೂಲೆಯ ಮೇಲೆ ದುಂಡು ಸಲೀಸಾಗಿ ಕೂರುತ್ತದೆ. ಜೊತೆಗೆ, ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಒಳಕ್ಕೆ ಬಾಗಿ ನಿಂತ ಈ ಕಮಾನುಗಳ ತೂಕ ಅದನ್ನು ಒಳಕ್ಕೆಳೆದು ಸರಿದೂಗಿಸುತ್ತದೆ.

ರಂಗೋಲಿಯ ಮಾತು ಹೇಳಿದ್ದು ನಾನಲ್ಲ, ಅತ್ತೆ. ಗೈಡ್ ವಿವರಿಸುತ್ತಿದ್ದಂತೆ ಅವರು ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು, ‘ಇದು ನಮ್ಮ ಅಂಗಳದ ರಂಗೋಲಿನ ಅಲ್ಲೇನು?’ ಎಂದು ಕೇಳಿದರು. ಅಂದಿನಿಂದ ನನಗೆ ಬೇರೆ ಹೋಲಿಕೆ ಬೇಕೆನಿಸಿಲ್ಲ.

ಪಿಸುಮಾತು ಕೇಳುವ ಬಗೆ

ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಮಿನಾರುಗಳಿವೆ. ಮೆಟ್ಟಿಲು ಅವುಗಳೊಳಗೆ. ಕಿರಿದು, ಕಡಿದು, ಅಲ್ಲಲ್ಲಿ ಕತ್ತಲು. ಮಂಡಿನೋವು, ಉಬ್ಬಸ ಇದ್ದವರು ಹತ್ತುವ ಹಟ ಮಾಡಬೇಡಿ. ಅತ್ತೆ ಹತ್ತಲಿಲ್ಲ, ಕೆಳಗೆ ಜಗತಿಯ ನೆರಳಲ್ಲಿ ಕುಳಿತರು. ಹತ್ತುವವರು ಅಂತಸ್ತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಿ. ಕಿಂಡಿಯಿಂದ ಊರು ಒಂದೊಂದೇ ಅಂತಸ್ತಿನಷ್ಟು ತಗ್ಗುವುದು ಕಾಣುತ್ತದೆ.

ಮೇಲೆ ಮಾಳಿಗೆಗೆ ಬಂದು, ಗುಮ್ಮಟದ ಬುಡದ ಸಣ್ಣ ಬಾಗಿಲಿನಿಂದ ಒಳಹೊಕ್ಕರೆ ಗ್ಯಾಲರಿ. ಜೊತೆಗಾರರನ್ನು ನೇರ ಎದುರು ಬದಿಗೆ ಕಳಿಸಿ. ನೀವು ಗೋಡೆಗೆ ಹತ್ತಿರ ಕುಳಿತು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮೆಲ್ಲಗೆ ಮಾತಾಡಿ. ನಡುವಿನ ಬಯಲಿನತ್ತ ಕೂಗಿದರೆ ಸದ್ದು ಚದುರುತ್ತದೆ. ಗೋಡೆಯ ಕಿವಿಗೆ ಹೇಳಿದಂತೆ ಹೇಳಿದರೆ ಬಾಗಿದ ಮೈಯನ್ನು ತಬ್ಬಿಕೊಂಡೇ ಎದುರಿನವರನ್ನು ಮುಟ್ಟುತ್ತದೆ. ಆ ನವೆಂಬರ್ ಬೆಳಿಗ್ಗೆ ನನ್ನ ತಂಗಿ ಎದುರು ಬದಿಯಲ್ಲಿ ಬಸ್ ಟಿಕೆಟೊಂದನ್ನು ಹರಿದಳು. ಅವಳ ಕೈ ನನಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ, ಕಾಗದ ಹರಿದ ಚರ್ರೆಂಬ ಸದ್ದು ಮಾತ್ರ ನನ್ನ ಕಿವಿಯ ಪಕ್ಕದಲ್ಲೇ ಆಯಿತು.

ಕೊನೆಗೆ ಒಂದೇ ಒಂದು ಚಪ್ಪಾಳೆ ತಟ್ಟಿ, ಅದು ಎಷ್ಟು ಬಾರಿ ಮರಳುತ್ತದೆ ಎಣಿಸಿ. ಹಿಂದಿನ ಸದ್ದು ಸಾಯುವ ಮುನ್ನ ಇನ್ನೊಂದು ಮಾಡಬೇಡಿ. ಮಕ್ಕಳಿಗೆ ಈ ಮಾತನ್ನು ಕೆಳಗೇ ಹೇಳಿ ಕರೆತಂದರೆ ಅವರೂ ಕೇಳುತ್ತಾರೆ, ಪಕ್ಕದವರಿಗೂ ಕೇಳಿಸುತ್ತದೆ.

ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಸುಮ್ಮನಿರಬೇಡಿ. 1958ರ ಸ್ಮಾರಕ ಸಂರಕ್ಷಣಾ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಜಗಳ ಬೇಡ, ಕಾವಲುಗಾರರಿಗೆ ತಿಳಿಸಿ. ಆ ಗಾರೆಯ ಮೇಲಿನ ಒಂದೊಂದು ಗೀರೂ ನನಗಂತೂ ಹೊಟ್ಟೆ ಕಿವುಚಿಸುತ್ತದೆ.

ಗುಮ್ಮಟದ ಎದುರಿಗಿರುವ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ರಜೆ.

ಮಧ್ಯಾಹ್ನ ವಿಶ್ರಾಂತಿ, ಇಳಿಹೊತ್ತಿಗೆ ರೋಜಾ

ಹನ್ನೊಂದರ ಮೇಲೆ ಊಟ, ನೆರಳು, ನಿದ್ದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ಖಾನಾವಳಿಗಳಲ್ಲೂ ಸಿಗುತ್ತದೆ. ನಾಲ್ಕರ ಸುಮಾರಿಗೆ ಊರಿನ ಪಶ್ಚಿಮ ತುದಿಗೆ ಹೊರಡಿ. ಟಾಂಗಾ ಸಿಕ್ಕರೆ ಹತ್ತಿ, ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಇಬ್ರಾಹಿಂ ರೋಜಾ ಗೋಳಗುಮ್ಮಟಕ್ಕೆ ತೀರಾ ವಿರುದ್ಧ. ಅಲ್ಲಿ ಗಾತ್ರ, ಇಲ್ಲಿ ಕುಸುರಿ. ಎರಡನೇ ಇಬ್ರಾಹಿಂ ಆದಿಲ್ ಶಾ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಇಲ್ಲಿ ಮಲಗಿದ್ದಾರೆ. ಕಟ್ಟಿಸಿದವನು ಮಲಿಕ್ ಸಂದಲ್. ಒಂದೇ ಜಗತಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರು ನಿಂತಿವೆ. ಇಲ್ಲಿ ನೋಡಲೇಬೇಕಾದದ್ದು ಕಿಟಕಿ. ಕಲ್ಲಿನ ಜಾಲಂಧ್ರದಲ್ಲಿ ಹೂವಿಲ್ಲ, ಬಳ್ಳಿಯಿಲ್ಲ, ಅರಬ್ಬಿ ಅಕ್ಷರಗಳೇ ಜಾಲರಿ. ಅಕ್ಷರಗಳ ಸಂದಿನಿಂದ ಬೆಳಕು ಒಳಗಿಳಿಯುತ್ತದೆ. ಒಳಕೋಣೆ ಸುಮಾರು 12 ಮೀಟರ್ ಚೌಕ. ಅದರ ಮೇಲ್ಚಾವಣಿಯ ಕಲ್ಲುಚಪ್ಪಡಿಗಳು ತೊಲೆಯಿಲ್ಲದೆ, ಗಾರೆಯ ಬಲದಿಂದಲೇ ನಿಂತಿವೆ.

ಹೊತ್ತು ಉಳಿದಿದ್ದರೆ, ಮರಳುವಾಗ ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನು ಹತ್ತಿರದಿಂದ ನೋಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಸಿಂಹ ದವಡೆಯಗಲಿಸಿದೆ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಅಲ್ಲೇ ಸಮೀಪ ಉಪಲಿ ಬುರುಜು, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿವೆ. ಸೂರ್ಯ ಮುಳುಗುವ ಮುನ್ನ ಮೇಲೆ ತಲುಪಿ ಪೂರ್ವಕ್ಕೆ ತಿರುಗಿ. ಮನೆಗಳ ಮಾಳಿಗೆಗಳ ಆಚೆ, ಬೆಳಿಗ್ಗೆ ನೀವು ಕುಳಿತಿದ್ದ ಗುಮ್ಮಟ ಇಳಿಬಿಸಿಲಲ್ಲಿ ನಿಂತಿರುತ್ತದೆ.