ಕೆಲಸದಿಂದ ತೆಗೆದ ಎಸ್ಟೇಟಿಗೇ ಮತ್ತೆ ಅರ್ಜಿ ಹಾಕುವುದು ಹೇಗೆ

ತೆಗೆದುಹಾಕಿದ ಕಡೆಯೇ ಮತ್ತೆ ಕೆಲಸ ಕೇಳಲು ಹೋಗುವವರು ಸಾಮಾನ್ಯವಾಗಿ ಕ್ಷಮೆ ಕೇಳಿ ಬರುತ್ತಾರೆ. ಅದರಿಂದ ಕೆಲಸ ಸಿಗುವುದು ಅಪರೂಪ. ಅಂದು ನಿಮ್ಮನ್ನು ತೆಗೆಯಲು ಇದ್ದ ಕಾರಣ ಇಂದು ಉಳಿದಿಲ್ಲ ಎಂಬುದಕ್ಕೆ ಸಾಹುಕಾರರಿಗೆ, ಅಂದರೆ ಮಾಲೀಕರಿಗೆ, ಏನಾದರೂ ಕಣ್ಣಿಗೆ ಕಾಣಬೇಕು. ಕೊಡಗಿನ ಕಾಫಿ ಎಸ್ಟೇಟಾಗಲಿ, ಕಾಫಿ ಬೀಜ ಹದಮಾಡುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ ಆಗಲಿ, ಮಡಿಕೇರಿಯ ರೆಸಾರ್ಟಾಗಲಿ, ಮಾತು ಇದೇ.

ಮೊದಲು ಕೆಲಸದಿಂದ ತೆಗೆದ ಪತ್ರ ಹುಡುಕಿ, ಅದರಲ್ಲಿ ಬರೆದಿರುವ ಕಾರಣ ಓದಿ. ಆಳು ಹೆಚ್ಚಾಗಿ ತೆಗೆದಿದ್ದರೆ ದಾರಿ ಸುಲಭ. ಗೈರುಹಾಜರಿ, ಕೆಲಸ ಸಾಲದು ಎಂಬ ಕಾರಣಗಳಾದರೆ ಪ್ರಯತ್ನಿಸಬಹುದು. ಹೊಡೆದಾಟ, ಲೆಕ್ಕದಲ್ಲಿ ಮೋಸ, ಕಾಫಿ ಅಥವಾ ಕರಿಮೆಣಸಿನ ಮೂಟೆ ಕಾಣೆಯಾದ ವಿಚಾರ ಇದ್ದರೆ ಅಲ್ಲಿಗೆ ಅರ್ಜಿ ಹಾಕುವುದು ಸಮಯ ಹಾಳು. ಬೇರೆ ಕಡೆ ನೋಡಿ. ಎಷ್ಟೋ ತೋಟಗಳಲ್ಲಿ ಪತ್ರವೇ ಇರುವುದಿಲ್ಲ, ‘ನಾಳೆಯಿಂದ ಬರಬೇಡ’ ಅಂದಿರುತ್ತಾರೆ, ಅಷ್ಟೆ. ಆಗ ಚೆಕ್‌ರೋಲಿನಲ್ಲಿ (ತೋಟದ ಹಾಜರಿ ಪುಸ್ತಕದಲ್ಲಿ) ಹೆಸರಿನ ಮುಂದೆ ಏನೆಂದು ಬರೆದಿದೆ ಎಂದು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ತಿಳಿದುಕೊಳ್ಳಿ.

ಆಮೇಲೆ ಬಾಕಿ. ತೆಗೆದುಕೊಂಡ ಅಡ್ವಾನ್ಸ್, ಲೈನ್‌ಮನೆಯ (ಆಳುಗಳಿಗೆ ತೋಟದವರು ಕೊಡುವ ಸಾಲುಮನೆಯ) ಕೀಲಿ, ಯೂನಿಫಾರ್ಮ್, ಕಂಪನಿ ಕೊಟ್ಟ ಸಿಮ್, ಇವುಗಳಲ್ಲಿ ಒಂದು ಉಳಿದಿದ್ದರೂ ಮಾತುಕತೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಕೊಟ್ಟು ತೀರಿಸಿ, ಬಾಕಿ ಇಲ್ಲ ಎಂದು ಬರೆಸಿಕೊಳ್ಳಿ.

ಪಿಎಫ್ ಇದ್ದವರು ಇಪಿಎಫ್‌ಒ ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಕೆಲಸ ಬಿಟ್ಟ ದಿನಾಂಕ ತುಂಬಿದೆಯೇ ನೋಡಿ. ಮಾಲೀಕರು ತುಂಬದಿದ್ದರೆ, ಕೊನೆಯ ವಂತಿಗೆ ಬಂದು 2 ತಿಂಗಳಾದ ಮೇಲೆ ಆಧಾರ್ ಒಟಿಪಿ ಕೊಟ್ಟು ನೀವೇ ತುಂಬಬಹುದು. ಮತ್ತೆ ಸೇರಿದಾಗ ಅದೇ 12 ಅಂಕಿಯ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಕೊಡಿ, ಹೊಸದು ಮಾಡಿಸಬೇಡಿ. ನಡುವೆ ಪಿಂಚಣಿ ಹಣವನ್ನೂ ತೆಗೆದುಬಿಟ್ಟಿದ್ದರೆ, ಪಿಂಚಣಿಗೆ ಬೇಕಾದ 10 ವರ್ಷದ ಲೆಕ್ಕಕ್ಕೆ ಆ ಹಳೆಯ ವರ್ಷಗಳು ಸೇರುವುದಿಲ್ಲ.

ಯಾವಾಗ ಹೋಗಬೇಕು ಎಂಬುದು ಕೊಡಗಿನಲ್ಲಿ ಅರ್ಧ ಕೆಲಸ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿ ಹೊತ್ತಿಗೆ ಶುರುವಾಗುತ್ತದೆ. ರೈಟರ್, ಸೂಪರ್‌ವೈಸರ್ ಕೆಲಸ ಬೇಕಾದವರು ಅಕ್ಟೋಬರಿನಲ್ಲೇ ಹೋಗಬೇಕು. ಕೊಯ್ಲು ಶುರುವಾದ ಮೇಲೆ ಹೋದರೆ ಸಿಗುವುದು ಹಣ್ಣು ಕೊಯ್ಯುವ ಕೆಲಸ ಮಾತ್ರ. ರೆಸಾರ್ಟಿನವರಾದರೆ ದಸರಾ ರಜೆಗೆ ಮುಂಚೆ, ಇಲ್ಲವೇ ಮಾರ್ಚಿನಲ್ಲಿ. ಜೋರು ಮಳೆಯ ತಿಂಗಳುಗಳಲ್ಲಿ ಇರುವವರನ್ನೇ ರಜೆ ಮೇಲೆ ಕಳಿಸುತ್ತಿರುತ್ತಾರೆ. ಹೊತ್ತೂ ನೋಡಿಕೊಳ್ಳಿ. ಬೆಳಿಗ್ಗೆ ಹಾಜರಿ ಕರೆಯುವಾಗ ಬೇಡ. ಕೊಯ್ಲಿನ ದಿನಗಳಲ್ಲಿ ಸಂಜೆಯೂ ಬೇಡ: ತಕ್ಕಡಿಯ ಮುಂದೆ ಚೀಲ ಹೊತ್ತವರ ಸಾಲು, ರೈಟರ್ ಕಿಲೋ ಕೂಗುತ್ತಾ ಬರೆಯುತ್ತಾ ಇರುತ್ತಾರೆ, ಒಂದು ಚೀಲದ ತೂಕ ತಪ್ಪಿದರೆ ಜಗಳ. ಹನ್ನೊಂದರ ಸುಮಾರು ಒಳ್ಳೆಯದು. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಕೆಲಸದ ಮಾತೇ ಎತ್ತಬೇಡಿ.

ಯಾರ ಬಳಿ? ನಿಮ್ಮನ್ನು ತೆಗೆದ ಮ್ಯಾನೇಜರ್ ಇನ್ನೂ ಅಲ್ಲೇ ಇದ್ದರೆ ಮೊದಲ ಫೋನ್ ಅವರಿಗೇ. ಅವರನ್ನು ದಾಟಿ ಸಾಹುಕಾರರ ಮನೆಗೆ ಹೋದರೆ, ಕೆಲಸ ಸಿಕ್ಕರೂ ಮುಂದೆ ದಿನವೂ ಕಾಟ. ‘ಸಾರ್, ಹೋದ ವರ್ಷ ನಿಮ್ಮಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಎರಡು ನಿಮಿಷ ಮಾತಾಡಬೇಕಿತ್ತು, ಯಾವಾಗ ಬರಲಿ?’ ಇಷ್ಟು ಸಾಕು. ತೆಗೆದ ವಿಚಾರ ಫೋನಿನಲ್ಲಿ ಬೇಡ. ಊರಿನ ಹಿರಿಯರೊಬ್ಬರು ನಿಮ್ಮ ಪರ ಒಂದು ಮಾತು ಹೇಳಿದರೆ ಉಪಯೋಗ. ಮೂರು ಕಡೆಯಿಂದ ಫೋನ್ ಬಂದರೆ ಮ್ಯಾನೇಜರಿಗೆ ಒತ್ತಡ ಹಾಕಿದಂತೆ ಕಾಣುತ್ತದೆ.

ಅರ್ಜಿ ಒಂದೇ ಪುಟ. ಮೊದಲ ಸಾಲಿನಲ್ಲಿ ಕೆಲಸದ ಹೆಸರು, ಹಿಂದೆ ಇದ್ದ ಅವಧಿ. ನಂತರ ತಪ್ಪಿನ ಬಗ್ಗೆ ಎರಡೇ ಸಾಲು:

‘ಜನವರಿಯಲ್ಲಿ ಹೇಳದೆ ಒಂಬತ್ತು ದಿನ ರಜೆ ಮಾಡಿದ ಕಾರಣ ನನ್ನನ್ನು ತೆಗೆಯಲಾಯಿತು, ಅದು ನನ್ನ ತಪ್ಪು. ಆಮೇಲೆ ಎಂಟು ತಿಂಗಳಿಂದ ಇನ್ನೊಂದು ಕಡೆ ಕೆಲಸ ಮಾಡುತ್ತಿದ್ದೇನೆ, ಅಲ್ಲಿಯ ಹಾಜರಿ ಪ್ರತಿ ಲಗತ್ತಿಸಿದೆ.’

ಈ ಲಗತ್ತೇ ಅರ್ಜಿಯ ಜೀವ. ಹಾಜರಿ ಪ್ರತಿ, ಸಂಬಳದ ಚೀಟಿ, ಕಲಿತ ಕೆಲಸದ ಪ್ರಮಾಣಪತ್ರ, ಯಾವುದಾದರೂ ಸರಿ, ಆದರೆ ತೆಗೆದ ಕಾರಣಕ್ಕೆ ನೇರ ಉತ್ತರವಾಗಿರಬೇಕು. ಗೈರುಹಾಜರಿಗೆ ತೆಗೆದವರು ಕಂಪ್ಯೂಟರ್ ಕೋರ್ಸಿನ ಪ್ರಮಾಣಪತ್ರ ಕೊಟ್ಟು ಏನೂ ಪ್ರಯೋಜನವಿಲ್ಲ. ಮೇಸ್ತ್ರಿ ಹಾಗೆ ಮಾಡಿದ, ಜೊತೆಯವರು ಚಾಡಿ ಹೇಳಿದರು ಎಂದು ಬರೆಯಬೇಡಿ. ಅದು ನಿಜವಾಗಿದ್ದರೂ ಸರಿಯೇ. ಆ ಮೇಸ್ತ್ರಿ ಇನ್ನೂ ಅಲ್ಲೇ ಇರುತ್ತಾನೆ. ಫಾರಂನಲ್ಲಿ ಹಿಂದೆ ಇಲ್ಲಿ ಕೆಲಸ ಮಾಡಿದ್ದೀರಾ ಎಂದಿದ್ದರೆ ಹೌದು ಎಂದೇ ಬರೆಯಿರಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಮತ್ತೆ ತೆಗೆಯಲು ಅದೊಂದೇ ಸಾಕು, ಇಲ್ಲಿ ಗೊತ್ತಾಗದೆ ಉಳಿಯುವುದೂ ಇಲ್ಲ.

ತೆಗೆದದ್ದರ ವಿರುದ್ಧ ಕಾರ್ಮಿಕ ಇಲಾಖೆಯಲ್ಲೋ ಲೇಬರ್ ಕೋರ್ಟಿನಲ್ಲೋ ದೂರು ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಅರ್ಜಿ ಕೊಡಬೇಡಿ. ಕೋರ್ಟಿನ ಆದೇಶದಿಂದ ವಾಪಸಾದರೆ ಹಳೆಯ ಸೇವೆ, ಬಾಕಿ ಸಂಬಳ ಸಿಗುವ ಸಾಧ್ಯತೆ ಇರುತ್ತದೆ. ಹೊಸ ಅರ್ಜಿಯಿಂದ ಸೇರಿದರೆ, ಬರವಣಿಗೆಯಲ್ಲಿ ಒಪ್ಪದ ಹೊರತು, ಹಿರಿತನವೂ ಗ್ರಾಚ್ಯುಟಿಗೆ ಬೇಕಾದ 5 ವರ್ಷದ ಲೆಕ್ಕವೂ ಮೊದಲಿನಿಂದ ಶುರು. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೆ ಎಂಬ ಕಾಗದಕ್ಕೆ ಸಹಿ ಕೇಳಿದರೆ ಅಲ್ಲೇ ಹಾಕಬೇಡಿ, ಮನೆಗೆ ತಂದು ಓದಿ.

ಸಂಬಳ, ಪ್ರೊಬೇಷನ್ ಎಷ್ಟು ತಿಂಗಳು, ಲೈನ್‌ಮನೆ ಇದೆಯೋ ಇಲ್ಲವೋ, ಇದನ್ನೆಲ್ಲ ಸೇರುವ ಮುಂಚೆಯೇ ಬರೆಸಿಕೊಳ್ಳಿ. ‘ಈಗ ಬೇಡ’ ಅಂದರೆ ಮುಂದಿನ ಕೊಯ್ಲಿಗೆ ಬಂದು ಕೇಳಬಹುದೇ ಎಂದಷ್ಟೇ ಕೇಳಿ, ಅರ್ಜಿಯ ಪ್ರತಿಯನ್ನು ಆಫೀಸಿನಲ್ಲಿ ಬಿಟ್ಟು ಬನ್ನಿ.