ಜಿಂಕೆಗೆ ಎಷ್ಟು ವಯಸ್ಸು? ದೂರದಿಂದಲೇ ಅಂದಾಜು ಮಾಡಿ

ಬಂಡೀಪುರದಲ್ಲಿ ಜೀಪು ಓಡಿಸುವ ನನ್ನನ್ನು ಜನ ಕೇಳುತ್ತಲೇ ಇರುತ್ತಾರೆ: "ಕೊಂಬಿನ ಕವಲು ಎಣಿಸಿದರೆ ವಯಸ್ಸು ಗೊತ್ತಾಗುತ್ತೆ ಅಲ್ವಾ?" ಗೊತ್ತಾಗುವುದಿಲ್ಲ. ಚುಕ್ಕೆ ಜಿಂಕೆಯ ಬೆಳೆದ ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು. ಎಷ್ಟು ವಯಸ್ಸಾದರೂ ಅಷ್ಟೇ.

ಮೊದಲು ಮೈಕಟ್ಟು ನೋಡಿ. ತಾಯಿಯ ಹಾಲು ಕುಡಿಯುತ್ತಿದ್ದರೆ ಕೆಲವು ತಿಂಗಳ ಮರಿ. ಕವಲಿಲ್ಲದ, ಕಡ್ಡಿಯಂಥ ಕೊಂಬಿದ್ದರೆ ಎಳೆಯ ಗಂಡು, ಒಂದೆರಡು ವರ್ಷದ್ದು. ಕವಲೊಡೆದರೂ ಕೊಂಬು ತೆಳ್ಳಗೆ, ಕತ್ತು ಸಣ್ಣಗಿದ್ದರೆ ಇನ್ನೂ ಹರೆಯ. ಬಲಿತ ಗಂಡಿನ ಕತ್ತು ದಪ್ಪ, ಮೈಬಣ್ಣ ಗಾಢ, ಕೊಂಬಿನ ಬುಡ ಒರಟು.

ಕೊಂಬು ಉದುರಿ ಮತ್ತೆ ಹುಟ್ಟುತ್ತದೆ. ಅದೂ ಎಲ್ಲದಕ್ಕೂ ಒಂದೇ ತಿಂಗಳಲ್ಲಿ ಅಲ್ಲ. ಹಾಗಾಗಿ ಮಖಮಲ್ಲಿನಂಥ ತೊಗಲು ಹೊದ್ದ ಗಿಡ್ಡ ಕೊಂಬು ಕಂಡ ಕೂಡಲೇ ಸುಮ್ನೆ ಎಳೆಯದು ಅನ್ನಬೇಡಿ. ಕತ್ತು, ಎದೆ ನೋಡಿ ಹೇಳಿ.

ಹೆಣ್ಣಿಗೆ ಕೊಂಬಿಲ್ಲ. ಮರಿ, ಎಳೆಯದು, ಬೆಳೆದದ್ದು ಎಂದು ಗುರುತಿಸಿದರೆ ಸಾಕು. ಇನ್ನೂ ನಿಖರವಾಗಿ ಹೇಳಲು ಹಲ್ಲಿನ ಸವೆತ ನೋಡಬೇಕು. ಅದು ಸತ್ತ ಜಿಂಕೆಯ ದವಡೆ ಸಿಕ್ಕಾಗ ತಜ್ಞರು ಮಾಡುವ ಕೆಲಸ. ನೀವು ಜೀಪಿನಿಂದ ಇಳಿಯಬೇಡಿ, ಬೈನಾಕ್ಯುಲರ್ ಸಾಕು.